ದಸರಾಗೆ ಬಂದ ಟೇಬಲ್, ಬೇಸಿಗೆಗೆ ಬಿಟ್ಟ ಬಿರುಕು

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ಕಳೆದ ವರ್ಷ ಮಂಡ್ಯದ ಹತ್ತಿರದ ಒಬ್ಬ ಆಚಾರ್ರ ಕೈಲಿ ತೇಗದ ಊಟದ ಟೇಬಲ್ ಮಾಡಿಸಿದೆವು. ಆರು ಅಡಿ ಉದ್ದ, ಮೂರು ಅಡಿ ಅಗಲ, ಕಾಲುಗಳಿಗೆ ಹೂವಿನ ಕೆತ್ತನೆ. ಒಟ್ಟು 78 ಸಾವಿರ ರೂಪಾಯಿ. 40 ಸಾವಿರ ಫೋನ್‌ಪೇ ಮಾಡಿದ್ದೆವು, ಉಳಿದದ್ದು ನಗದು. ಬಿಲ್ ಇಲ್ಲ. ದಸರಾಗೆ ನೆಂಟರು ಬರುತ್ತಾರೆ, ಅಷ್ಟರೊಳಗೆ ಬೇಕೇ ಬೇಕು ಅಂದಿದ್ದೆವು. ಹೇಳಿದ ದಿನಕ್ಕೆ ಕೊಟ್ಟರು. ಮಾರ್ಚ್‌ನಲ್ಲಿ ಮೇಲಿನ ಹಲಗೆ ಎರಡು ಕಡೆ ಬಿರುಕು ಬಿಟ್ಟಿತು. ಒಂದು ಕಡೆ ಮೂಲೆ ಎದ್ದಿದೆ. ಎರಡೂ ತುದಿಯ ಅಡ್ಡಪಟ್ಟಿ, ಎರಡು ಬದಿ ಸೇರಿ 8 ಮಿಲಿಮೀಟರ್, ಹೊರಗೆ ಚಾಚಿಕೊಂಡು ಸೀರೆ ಸಿಕ್ಕಿಕೊಳ್ಳುತ್ತದೆ. ಆಚಾರ್ರು, “ಮರ ಅಂದ್ಮೇಲೆ ಬಿಡೋದೇ ಅಮ್ಮಾ, ಪುಟ್ಟಿ ಹಾಕಿ ಪಾಲಿಶ್ ಹೊಡೆದುಕೊಡ್ತೀನಿ” ಅನ್ನುತ್ತಾರೆ. ನಮ್ಮ ಯಜಮಾನರಿಗೆ ಪೂರ್ತಿ ಹಣ ವಾಪಸ್ ಬೇಕು. ನಾಲ್ಕು ಕಾಲಿನ ಹೂವೂ ಒಂದೇ ಥರ ಇಲ್ಲ ಅನ್ನೋದು ಅವರ ಇನ್ನೊಂದು ದೂರು. ಕೊಡದಿದ್ದರೆ ಗ್ರಾಹಕರ ಕೋರ್ಟಿಗೆ ಹೋಗೋಣ ಅನ್ನುತ್ತಾರೆ. ಆಚಾರ್ರು ವಯಸ್ಸಾದವರು, ನಮ್ಮ ಅತ್ತೆ ಮನೆಯ ತಲೆಬಾಗಿಲು ಮಾಡಿದವರು. ಜಗಳ ಬೇಡ. ಹಾಗಂತ ಸುಮ್ಮನಿರಲೂ ಆಗುತ್ತಿಲ್ಲ. ಇನ್ನೊಂದು ಪ್ರಶ್ನೆ: ಮೈಸೂರಿನಲ್ಲೇ ಕೊಂಡ ಬೀಟೆ ಮರದ ಇನ್‌ಲೇ ಚಿತ್ರದಲ್ಲಿ (ಬೇರೆ ಬೇರೆ ಬಣ್ಣದ ಮರದ ತುಂಡು ಕೂರಿಸಿ ಮಾಡಿದ್ದು) ಹಳದಿ ಇದ್ದ ಭಾಗ ಕಂದು ಬಣ್ಣಕ್ಕೆ ತಿರುಗಿದೆ. ಇದೂ ಮೋಸವೇ?

ಉತ್ತರ: ಮೊದಲು ಆಚಾರ್ರ ಮಾತನ್ನೇ ತೆಗೆದುಕೊಳ್ಳೋಣ. ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಅದು ನೂರಕ್ಕೆ ನೂರು ನಿಜ. ಆದರೆ ಈ ವಿಷಯ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು, ಅಲ್ವಾ? ಮರದ ಗುಣ ಗೊತ್ತಿರುವವರು ಆ ಗುಣಕ್ಕೆ ಜಾಗ ಬಿಟ್ಟು ಕಟ್ಟಬೇಕು. ಹಾಗಾಗಿ “ಮರ ಅಂದ್ಮೇಲೆ ಬಿಡೋದೇ” ಅನ್ನುವುದು ಕಾರಣ ಆಗಬಹುದೇ ಹೊರತು ಉತ್ತರ ಆಗುವುದಿಲ್ಲ. ನಿಮ್ಮ ಯಜಮಾನರ ಬೇಡಿಕೆಯೂ ಅಷ್ಟೇ, ಈಗಲೇ ಒಪ್ಪುವಂಥದ್ದಲ್ಲ. ಬಿರುಕು ಯಾಕೆ ಬಂತು ಅಂತ ತಿಳಿಯದೆ ಹಣದ ಮಾತಿಗೆ ಇಳಿದರೆ ಇಬ್ಬರೂ ಗಂಟಲು ಒಣಗಿಸಿಕೊಳ್ಳುತ್ತೀರಿ, ಅಷ್ಟೆ. ಕೈಕೆಲಸದ ಮರದ ಸಾಮಾನಿನ ತಕರಾರುಗಳಲ್ಲಿ ನಾನು ಜಾಸ್ತಿ ಕಂಡಿರುವುದು ಇದನ್ನೇ. ಎರಡೂ ಕಡೆಯವರು ಬೆಲೆಯ ಬಗ್ಗೆ ಮಾತಾಡುತ್ತಾರೆ. ಸಾಮಾನನ್ನು ಬಗ್ಗಿ ನೋಡುವವರು ಯಾರೂ ಇರುವುದಿಲ್ಲ.

ನೀವು ಫೋಟೋ ಕಳಿಸಿ ಒಳ್ಳೆಯದು ಮಾಡಿದಿರಿ. ಅದರಲ್ಲೂ ಟೇಬಲ್ಲಿನ ಅಡಿಯ ಫೋಟೋ. ಅದರಿಂದಲೇ ಅರ್ಧ ಕಥೆ ತಿಳಿಯಿತು.

ಹಲಗೆ ತನ್ನ ಉದ್ದಕ್ಕೆ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಅದು ಹಿಗ್ಗಿ ಕುಗ್ಗುವುದು ಅಗಲಕ್ಕೆ. ತೇಗ ಈ ವಿಷಯದಲ್ಲಿ ಬಹಳ ಒಳ್ಳೆಯ ಮರ, ಬೇರೆ ಎಷ್ಟೋ ಮರಗಳಿಗಿಂತ ಕಡಿಮೆ ಆಡುತ್ತದೆ. ಆದರೂ ಮೂರು ಅಡಿ ಅಗಲದ ತೇಗದ ಹಲಗೆಯಲ್ಲಿ ತೇವಾಂಶ 4 ಪರ್ಸೆಂಟ್ ಇಳಿದರೆ ಸುಮಾರು ಮೂರೂವರೆಯಿಂದ ಏಳು ಮಿಲಿಮೀಟರ್ ಕುಗ್ಗುತ್ತದೆ. ಇಷ್ಟೊಂದು ವ್ಯತ್ಯಾಸ ಯಾಕೆ ಅಂದರೆ, ಸಾಮಿಲ್‌ನಲ್ಲಿ ದಿಮ್ಮಿಯನ್ನು ಯಾವ ಕಡೆಯಿಂದ ಸೀಳಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ದಿಮ್ಮಿಯ ನಡುಮಧ್ಯದಿಂದ ಹೊರಕ್ಕೆ ಸೀಳಿದ ಹಲಗೆ ಕಡಿಮೆ ಕುಗ್ಗುತ್ತದೆ. ಪಕ್ಕದಿಂದ ಸೀಳಿದ ಹಲಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತದೆ.

ನಿಮ್ಮ ಟೇಬಲ್ಲಿನ ಹಲಗೆಯನ್ನು ಸುತ್ತಲೂ ಸ್ಕ್ರೂ ಹೊಡೆದು ಕೆಳಗಿನ ಫ್ರೇಮಿಗೆ ಬಿಗಿದಿದ್ದಾರೆ. ತುದಿಯ ಅಡ್ಡಪಟ್ಟಿಗಳನ್ನು ಪೂರ್ತಿ ಅಂಟು ಹಾಕಿ ಕೂರಿಸಿದ್ದಾರೆ. ಅಂದರೆ ಕುಗ್ಗಬೇಕಾದ ಹಲಗೆಗೆ ಸಲೀಸಾಗಿ ಕುಗ್ಗಲು ದಾರಿಯೇ ಇಲ್ಲ. ಕೊನೆಗೆ ತಾನೇ ಸೀಳಿಕೊಂಡಿದೆ. ಕೆಳಗೆ ಸ್ಕ್ರೂ ಹೊಡೆಯುವಾಗ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿದ್ದರೆ ಸಾಕಿತ್ತು. ಅಥವಾ ಫ್ರೇಮಿನ ಒಳಮೈಯಲ್ಲಿ ಸಣ್ಣ ತೋಡು ತೆಗೆದು, ಅದರಲ್ಲಿ ಜಾರುವಂತೆ ಸಣ್ಣ ಮರದ ತುಂಡುಗಳಿಂದ ಹಲಗೆಯನ್ನು ಹಿಡಿಸಬಹುದಿತ್ತು. ಅಡ್ಡಪಟ್ಟಿಗೆ ನಡುವೆ ಮಾತ್ರ ಅಂಟು ಹಾಕಿ, ಎರಡು ಪಕ್ಕ ಸಡಿಲ ಬಿಡಬೇಕಿತ್ತು. ಇದೇನೂ ದೊಡ್ಡ ವಿದ್ಯೆ ಅಲ್ಲ. ಹಳೆಯ ಮನೆಗಳ ಬಾಗಿಲಲ್ಲಿ ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂರಿಸಿರುತ್ತಾರಲ್ಲ, ಅದೂ ಇದಕ್ಕೇ. ನಿಮ್ಮ ಅತ್ತೆ ಮನೆಯ ಬಾಗಿಲಲ್ಲಿ ಇವರೇ ಹಾಗೆ ಮಾಡಿದ್ದರೂ ಆಶ್ಚರ್ಯವಿಲ್ಲ.

ಈಗ ಬಿರುಕುಗಳನ್ನು ಒಂದೊಂದಾಗಿ ನೋಡಿ. ಅವೆರಡೂ ಒಂದೇ ಜಾತಿಯವಲ್ಲ.

ತುದಿಯಿಂದ ಶುರುವಾಗಿ ಒಳಗೆ ಓಡಿರುವುದು ಹಲಗೆಯ ಮೈಯಲ್ಲೇ ಆದ ಸೀಳು. ಅಂಕುಡೊಂಕಾಗಿ ನಾರಿನ ಜೊತೆ ಹೋಗಿದೆ. ಕುಗ್ಗುವುದಕ್ಕೆ ಅಡ್ಡಿ ಬಂದಾಗ ಆಗುವುದು ಇದೇ. ನಡುವಿನ ಬಿರುಕು ಗೆರೆ ಎಳೆದ ಹಾಗೆ ನೇರವಾಗಿದೆ. ಅದು ಎರಡು ಹಲಗೆ ಸೇರುವ ಜಾಯಿಂಟ್. ಅದರೊಳಗೆ ಟಾರ್ಚ್ ಬಿಟ್ಟು ನೋಡಿ. ಎರಡೂ ಅಂಚು ನುಣ್ಣಗೆ ಇದ್ದು ಅಂಟಿನ ಹೊಳಪು ಕಂಡರೆ ಅಂಟು ಹಿಡಿದೇ ಇಲ್ಲ ಅಂತ ಲೆಕ್ಕ. ಅಂಚಿಗೆ ಕೀಸುಳಿ (ಮರವನ್ನು ಕೆರೆದು ನುಣುಪು ಮಾಡುವ ಸಾಧನ) ಸರಿಯಾಗಿ ಹೊಡೆದಿರಲಿಲ್ಲವೋ, ಅಂಟು ಸಾಲಲಿಲ್ಲವೋ, ಮರ ಹಸಿ ಇತ್ತೋ, ಇವುಗಳಲ್ಲಿ ಒಂದು ಇರುತ್ತದೆ. ಮೂರೂ ಮಾಡುವವರ ಕಡೆಯವೇ. ಅದರ ಬದಲು ಅಂಚಿನಲ್ಲಿ ಮರದ ನಾರು ಕಿತ್ತು ಬಂದಿದ್ದರೆ ಅಂಟು ಗಟ್ಟಿಯಾಗಿಯೇ ಇತ್ತು, ಎಳೆತ ತಡೆಯದೆ ಮರ ಹರಿದಿದೆ ಅಂತ ಅರ್ಥ. ಆಗಲೂ ತಪ್ಪು ಸ್ಕ್ರೂಗಳದ್ದೇ.

ಮೂಲೆ ಎದ್ದಿರುವುದಕ್ಕೆ ಕಾರಣ ಅಡಿಯ ಫೋಟೋದಲ್ಲಿದೆ. ಮೇಲೆ ಮೂರ್ನಾಲ್ಕು ಕೋಟು ಪಾಲಿಶ್, ಕೆಳಗೆ ಬರೀ ಮರ. ಪಾಲಿಶ್ ಇಲ್ಲದ ಮೈ ಗಾಳಿಯ ತೇವವನ್ನು ಬೇಗ ಹೀರುತ್ತದೆ, ಬೇಗ ಬಿಡುತ್ತದೆ. ಮೇಲಿನದು ನಿಧಾನ. ಒಂದು ಮೈ ಕುಗ್ಗಿ ಇನ್ನೊಂದು ಹಾಗೇ ಉಳಿದರೆ ಹಲಗೆ ಬಾಗದೆ ಏನು ಮಾಡುತ್ತದೆ? “ಕೆಳಗೆ ಯಾರು ನೋಡ್ತಾರೆ” ಅಂತ ಬಿಡುವುದು ನಮ್ಮ ಕಡೆ ಬಹಳ ಮಾಮೂಲು. ಮರದ ಮೈ ಮುಚ್ಚುವ ಸೀಲರ್ ಎರಡು ಕೋಟು ಹೊಡೆದರೆ ಮುಗಿಯುವ ಕೆಲಸ.

ಇನ್ನು ಸೀರೆ ಸಿಕ್ಕಿಕೊಳ್ಳುವ ಅಡ್ಡಪಟ್ಟಿ. ನಿಮಗೆ ಅದು ಕಿರಿಕಿರಿ, ನನಗೆ ಅದು ಒಳ್ಳೆಯ ಸಾಕ್ಷಿ. ಪಟ್ಟಿಯ ಉದ್ದ ಟೇಬಲ್ಲಿನ ಅಗಲಕ್ಕೆ ಸಮನಾಗಿ ಬರುತ್ತದೆ. ಮಾಡಿದ ದಿನ ಎರಡೂ ಸರಿಸಮ ಇದ್ದವು. ಪಟ್ಟಿ ಉದ್ದಕ್ಕೆ ಕುಗ್ಗಲಿಲ್ಲ, ಹಲಗೆ ಅಗಲಕ್ಕೆ ಕುಗ್ಗಿತು. ಹಾಗಾಗಿ ಹೊರಗೆ ಚಾಚಿದಷ್ಟೂ ಹಲಗೆ ಕುಗ್ಗಿದ ಅಳತೆ. ಎರಡೂ ಬದಿ ಸೇರಿ 8 ಮಿಲಿಮೀಟರ್ ಅಂತ ಬರೆದಿದ್ದೀರಿ. ಅಷ್ಟು ಕುಗ್ಗಬೇಕಾದರೆ ತೇವಾಂಶ ಕನಿಷ್ಠ ನಾಲ್ಕೂವರೆ, ಐದು ಪರ್ಸೆಂಟ್ ಇಳಿದಿರಬೇಕು. ಮರಗೆಲಸದವರ ಹತ್ತಿರ ತೇವಾಂಶ ನೋಡುವ ಸಣ್ಣ ಮೀಟರ್ ಸಿಗುತ್ತದೆ. ಅದರಲ್ಲಿ ಈಗ 10 ತೋರಿಸಿದರೆ, ಮಾಡುವಾಗ 15 ಅಥವಾ ಅದಕ್ಕಿಂತ ಮೇಲೆ ಇತ್ತು ಅಂತಾಯಿತು. ಮನೆಯೊಳಗಿನ ಪೀಠೋಪಕರಣಕ್ಕೆ 10ರಿಂದ 12 ಇರಬೇಕು. ಸುಮ್ನೆ ಈಗಿನ ರೀಡಿಂಗ್ ಒಂದನ್ನೇ ಹಿಡಿದು “ನೋಡಿ, ಮರ ಒಣಗಿದೆ” ಅಂತ ಯಾರಾದರೂ ವಾದಿಸಿದರೆ ಒಪ್ಪಬೇಡಿ. ಇಷ್ಟು ತಿಂಗಳು ನಿಮ್ಮ ಮನೆಯಲ್ಲೇ ಅದು ಒಣಗಿದೆ.

ಇಲ್ಲಿ ನಿಮ್ಮ ಪಾಲನ್ನೂ ಹೇಳಿಬಿಡುತ್ತೇನೆ. ದಸರಾಗೆ ಬೇಕೇ ಬೇಕು ಅಂದಿರಿ. ಅಂದರೆ ಮರ ಕೊಂಡದ್ದು, ಸೀಳಿದ್ದು, ಜೋಡಿಸಿದ್ದು ಎಲ್ಲ ಮಳೆಗಾಲದಲ್ಲಿ. ಆ ಅವಸರ ಆಚಾರ್ರಿಗೆ ನೆಪ ಆಗುವುದಿಲ್ಲ. “ಮರ ಒಣಗಿಲ್ಲ, ಸಂಕ್ರಾಂತಿಗೆ ಕೊಡ್ತೀನಿ” ಅನ್ನುವ ಹಕ್ಕು ಅವರಿಗಿತ್ತು, ಅನ್ನಲಿಲ್ಲ. ಆದರೆ ಮಾತಿಗೆ ಕೂತಾಗ ಈ ವಿಷಯ ನೀವಾಗಿಯೇ ಎತ್ತಿದರೆ ಅರ್ಧ ಬಿಗಿ ಸಡಿಲವಾಗುತ್ತದೆ.

ಇನ್ನೆರಡು ವಿಷಯ ನೀವೇ ನೋಡಿಕೊಳ್ಳಬೇಕು. ಟೇಬಲ್ ಎಸಿಯ ನೇರ ಗಾಳಿಗೋ ಪಶ್ಚಿಮದ ಕಿಟಕಿಯ ಬಿಸಿಲಿಗೋ ಇದ್ದರೆ ಸರಿಸಿ. ನೆಲ ಒರೆಸುವಾಗ ಕಾಲಿನ ಬುಡದಲ್ಲಿ ನೀರು ನಿಲ್ಲುತ್ತದೆಯೇ ಗಮನಿಸಿ. ಕಾಲಿನ ಬುಡ ನೀರನ್ನು ಬಹಳ ಬೇಗ ಕುಡಿಯುತ್ತದೆ. ಇವೆರಡೂ ಇದ್ದರೆ ಆಚಾರ್ರು ಎತ್ತಿ ತೋರಿಸುತ್ತಾರೆ. ತೋರಿಸುವುದು ನ್ಯಾಯವೂ ಹೌದು.

ಕಾಲಿನ ಹೂವಿನ ಮಾತು ಬಿಟ್ಟುಬಿಡಿ. ಉಳಿಯಲ್ಲಿ ಕೆತ್ತಿದ ನಾಲ್ಕು ಹೂವು ಒಂದೇ ಅಚ್ಚಿನಲ್ಲಿ ಬರುವುದಿಲ್ಲ. ಹಾಗೆ ಬೇಕಿದ್ದರೆ ಮೆಷಿನ್ನಿನ ಕೆತ್ತನೆ ಸಿಗುತ್ತಿತ್ತು. ದೂರಿನ ಪಟ್ಟಿಯಲ್ಲಿ ಇದನ್ನೂ ಸೇರಿಸಿದರೆ ನಿಜವಾದ ದೂರುಗಳ ತೂಕ ಕಡಿಮೆಯಾಗುತ್ತದೆ. ಕಾಲು ಅಲ್ಲಾಡುತ್ತಿದ್ದರೆ ಮಾತ್ರ ಹೇಳಿ.

ಹಾಗಾದರೆ ಏನು ಕೇಳಬೇಕು? ಪುಟ್ಟಿ ಬೇಡ. ಅದು ದಂಡ. ಬೇಸಿಗೆಯಲ್ಲಿ ಬಿರುಕು ತೆರೆದಿರುವಾಗ ಫೆವಿಕಾಲ್ ಮತ್ತು ಮರದ ಪುಡಿ ತುಂಬಿದರೆ, ಆಗಸ್ಟ್‌ನಲ್ಲಿ ಹಲಗೆ ಹಿಗ್ಗಿ ಅದನ್ನು ಹೊರಗೆ ತಳ್ಳುತ್ತದೆ. ಮುಂದಿನ ಫೆಬ್ರವರಿಗೆ ಮತ್ತೆ ಅದೇ ಬಿರುಕು, ಪಕ್ಕದಲ್ಲಿ ಒಣಗಿದ ಪುಟ್ಟಿ ಬೇರೆ. ಇನ್ನೊಂದು ಎಚ್ಚರ. “ಮಳೆ ಬರಲಿ, ತಾನೇ ಕೂಡಿಕೊಳ್ಳುತ್ತೆ” ಅನ್ನಬಹುದು. ಕೂಡಿಕೊಂಡ ಹಾಗೆ ಕಾಣುವುದೂ ನಿಜ. ಅದು ವಾಸಿಯಾದದ್ದಲ್ಲ, ಮುಚ್ಚಿಕೊಂಡದ್ದು. ಅದಕ್ಕೇ ಇವತ್ತೇ ಬಿರುಕಿನ ಎರಡೂ ಕೊನೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆದು, ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ನನ್ನ ಲೆಕ್ಕದಲ್ಲಿ ನ್ಯಾಯವಾದ ಬೇಡಿಕೆ ಇಷ್ಟು. ಮೇಲಿನ ಹಲಗೆಯನ್ನು ಬಿಚ್ಚಿಕೊಂಡು ಹೋಗಲಿ. ಬಿರುಕಿನ ಗೆರೆಯಲ್ಲೇ ಉದ್ದಕ್ಕೆ ಸೀಳಿ, ಅಂಚಿಗೆ ಕೀಸುಳಿ ಹೊಡೆದು, ಮತ್ತೆ ಅಂಟಿಸಲಿ. ಅಗಲದಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ, ಅದಕ್ಕೆ ಒಣಗಿದ ತೇಗದ ಒಂದು ಪಟ್ಟಿ ಸೇರಿಸಲಿ. ಸೀಳಿದ ಹಲಗೆ ಒಂದು ಉಪಯೋಗಕ್ಕೆ ಬಾರದೆ ಹೋದರೆ ಅದನ್ನು ಬದಲಾಯಿಸಲಿ. ಕೆಳಗೂ ಪಾಲಿಶ್ ಆಗಲಿ. ಸ್ಕ್ರೂ ತೂತು ಉದ್ದ ಮಾಡಿ ಕೂರಿಸಲಿ. ಕೂಲಿ, ಮರ ಅವರದು. ಮಂಡ್ಯಕ್ಕೆ ಹೋಗಿಬರುವ ಟೆಂಪೋ ಬಾಡಿಗೆ ನೀವು ಕೊಡುತ್ತೇನೆ ಅನ್ನಿ. ದಸರಾ ಅವಸರದ ಪಾಲು ಅಲ್ಲಿಗೆ ತೀರುತ್ತದೆ. ಕಾಲು, ಫ್ರೇಮು ಎಲ್ಲ ಗಟ್ಟಿ ಇರುವಾಗ ಪೂರ್ತಿ 78 ಸಾವಿರ ವಾಪಸ್ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅವರು ಹಲಗೆ ಮುಟ್ಟುವುದೇ ಇಲ್ಲ ಅಂದರೆ, ಬೇರೆಯವರ ಕೈಲಿ ಹೊಸ ಹಲಗೆ ಮಾಡಿಸುವ ಖರ್ಚನ್ನು ಕೇಳಿ. ಅದಕ್ಕೆ ಒಂದು ಕೊಟೇಶನ್ ಬರೆಸಿ ಇಟ್ಟುಕೊಳ್ಳಿ.

ಹೇಳುವ ರೀತಿಯೂ ಮುಖ್ಯ. ಫೋನಿನಲ್ಲಿ ಬೇಡ. ಮನೆಗೆ ಕರೆಸಿ, ಕಾಫಿ ಕೊಟ್ಟು, ಟೇಬಲ್ಲಿನ ಅಡಿಗೆ ಟಾರ್ಚ್ ಹಿಡಿಯಿರಿ. “ಆಚಾರ್ರೇ, ಹಲಗೆ ಕುಗ್ಗಲು ಇಲ್ಲಿ ಜಾಗ ಎಲ್ಲಿದೆ ತೋರಿಸಿ” ಅಂತ ಕೇಳಿ. ಕೆಲಸ ಬಲ್ಲವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಬರೆಯುವುದನ್ನು ಈಗಲೇ ಮಾಡಬೇಡಿ. ಬರೆದ ಮೇಲೆ ಅವರಿಗೆ ನಿಮ್ಮನ್ನು ಸಮಾಧಾನ ಮಾಡುವ ಅಗತ್ಯವೇ ಉಳಿಯುವುದಿಲ್ಲ. ಒಪ್ಪಂದ ಆಗದಿದ್ದರೆ ಇಬ್ಬರಿಗೂ ಒಪ್ಪಿಗೆಯಾಗುವ ಮೂರನೆಯ ಆಚಾರ್ರೊಬ್ಬರನ್ನು ಕರೆಸಿ, ಅವರ ಒಂದು ದಿನದ ಕೂಲಿಯನ್ನು ಇಬ್ಬರೂ ಅರ್ಧರ್ಧ ಕೊಡಿ. ಬರೀ ನೀವೇ ಕೊಟ್ಟರೆ ಅವರು ನಿಮ್ಮ ಕಡೆಯವರು ಅಂತಾಗುತ್ತದೆ. ಏನು ಒಪ್ಪಿದಿರೋ ಅದನ್ನು ಅಂದೇ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದು ಕಳಿಸಿ, “ಸರಿ” ಅಂತ ಉತ್ತರ ಪಡೆಯಿರಿ.

ಇಷ್ಟಾದರೂ ಬಗೆಹರಿಯದಿದ್ದರೆ ಕಾನೂನು ನಿಮ್ಮ ಕಡೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಸಾಮಾನಿನಲ್ಲಿ ದೋಷ ಅಂದರೆ ಏನು ಅನ್ನುವುದನ್ನು ಅದು ವಿಶಾಲವಾಗಿಯೇ ಹೇಳುತ್ತದೆ. ಬಾಯಿಮಾತಿನಲ್ಲೋ ಬರಹದಲ್ಲೋ ಒಪ್ಪಿಕೊಂಡ ಗುಣಮಟ್ಟಕ್ಕೆ ಕಡಿಮೆ ಇದ್ದರೂ ಅದು ದೋಷವೇ. ಆರ್ಡರ್ ಕೊಟ್ಟು ಮಾಡಿಸಿದ್ದು ಅನ್ನುವ ಕಾರಣಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಬಿಲ್ ಇಲ್ಲ ಅಂತ ಹೆದರಬೇಡಿ. ಫೋನ್‌ಪೇ ದಾಖಲೆ, ವಾಟ್ಸಾಪ್ ಮಾತು, ಫೋಟೋ ಎಲ್ಲವೂ ಸಾಕ್ಷಿ. ಬಿಲ್ಲಾಗಲಿ ರಸೀದಿಯಾಗಲಿ ಕೊಡದೇ ಇರುವುದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಅನ್ನುತ್ತದೆ. ಹಾಗಂತ ಜಿಎಸ್‌ಟಿ ನಂಬರ್ ಇಲ್ಲದ ಆಚಾರ್ರೆಲ್ಲ ಕಳ್ಳರಲ್ಲ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವ ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಆ ನೋಂದಣಿ ಬೇಕಿಲ್ಲ. ಕೈಬರಹದ ರಸೀದಿ ಸಾಕು.

ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ತೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಆಚಾರ್ರು ಮಂಡ್ಯದವರಾದರೂ ನೀವು ವಾಸ ಇರುವ ಮೈಸೂರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಪರೀಕ್ಷೆ ಬೇಕಾದ ದೋಷವಾದರೆ ಆಯೋಗವೇ ಸಾಮಾನನ್ನು ಲ್ಯಾಬಿಗೆ ಕಳಿಸಬಹುದು, ಅದರ ಶುಲ್ಕವನ್ನು ದೂರುದಾರರು ಕಟ್ಟಬೇಕು. ಎರಡೂ ಕಡೆ ಒಪ್ಪಿದರೆ ಆಯೋಗದ ಮೂಲಕವೇ ಮಧ್ಯಸ್ಥಿಕೆಗೂ ಅವಕಾಶ ಇದೆ. ಸೋಫಾ, ಟೇಬಲ್ ತಕರಾರಿಗೆ ನನ್ನ ಒಲವು ಅದರ ಕಡೆಗೇ.

ನಿಮಗೆ ಇದು ತೇಗವೇ ಹೌದೋ ಅಲ್ಲವೋ ಅನ್ನುವ ಅನುಮಾನ ಇಲ್ಲ. ಆದರೆ ಬೇರೆ ಓದುಗರು ಕೇಳುತ್ತಿರುತ್ತಾರೆ. ಬಣ್ಣ ಹೊಡೆದ ಮರವನ್ನು ಬೀಟೆ ಅಂತಲೂ, ಮೇಲೆ ವೆನೀರ್ (ಮರದ ತೆಳು ಹಾಳೆ) ಅಂಟಿಸಿದ್ದನ್ನು ಇಡೀ ತೇಗ ಅಂತಲೂ ಮಾರುವವರು ಇದ್ದಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಒಂದು ಸಣ್ಣ ತುಂಡು ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಯಾವ ಜಾತಿ ಅಂತ ಹೇಳುತ್ತಾರೆ. ಮರದ ಜಾತಿಯ ಬಗ್ಗೆ ಜಗಳ ಬಂದಾಗ ಬಾಯಿಮಾತಿಗಿಂತ ಆ ವರದಿ ದೊಡ್ಡದು. ಆದರೆ ಮರ ನೀವೇ ತಂದುಕೊಟ್ಟಿದ್ದರೆ, ತೋಟದ ತೇಗ ಕಡಿಸಿ ಕೊಟ್ಟಿದ್ದರೆ, ಲೆಕ್ಕವೇ ಬೇರೆ. ಆಗ ಮರದ ಹೊಣೆ ನಿಮ್ಮದು. “ಹಸಿ ಇದೆ” ಅಂತ ಎಚ್ಚರಿಸುವ ಹೊಣೆ ಮಾತ್ರ ಅವರದು.

ಆಚಾರ್ರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಡ್ವಾನ್ಸ್ ತೆಗೆದುಕೊಳ್ಳುವ ದಿನ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಮರ, ಯಾರು ತಂದದ್ದು, ಮೀಟರ್ ಎಷ್ಟು ತೋರಿಸಿತು, ಯಾವ ಪಾಲಿಶ್, ಒಂದು ಮಳೆ ಮತ್ತು ಒಂದು ಬೇಸಿಗೆ ಕಳೆಯುವವರೆಗೆ ಬಿಟ್ಟದ್ದನ್ನು ಸರಿಮಾಡಿಕೊಡುತ್ತೇನೆ. ಗಿರಾಕಿ ಅವಸರ ಮಾಡಿದರೆ ಅದನ್ನೂ ಬರೆದು ಸಹಿ ಹಾಕಿಸಿ. “ಮಾರಿದ ಮಾಲು ವಾಪಸ್ ಇಲ್ಲ” ಅನ್ನುವ ಬೋರ್ಡು ದೋಷವಿರುವ ಸಾಮಾನಿನ ವಿಷಯದಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಆ ಹಾಳೆ ಕಾಪಾಡುತ್ತದೆ. ಪಾಲಿಶ್ ಅರಗಿನದಾದರೆ ಸ್ಯಾನಿಟೈಸರ್, ಬಿಸಿ ಪಾತ್ರೆ ಇಡಬೇಡಿ ಅಂತಲೂ ಬರೆಯಿರಿ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಕೋವಿಡ್ ಸಮಯದಲ್ಲಿ ಎಷ್ಟೋ ಮನೆಗಳ ಬೀಟೆ ಟೀಪಾಯಿ ಹೀಗೇ ಬಿಳಿಚಿಕೊಂಡವು. ಗಿರಾಕಿಗಳು ಪಾಲಿಶ್ ಮಾಡಿದವರನ್ನು ಬೈದರು.

ಇನ್ನು ನಿಮ್ಮ ಇನ್‌ಲೇ ಚಿತ್ರ. ಅದು ಮೋಸ ಅಲ್ಲ. ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣದ ಬೀಟೆ ಬಾಗಿಲಲ್ಲಿ ದಂತ ಕೂರಿಸಿದ್ದಾರೆ. ಈಗ ದಂತದ ವ್ಯಾಪಾರಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಬಣ್ಣ ಎಲ್ಲ ಬೇರೆ ಬೇರೆ ಮರದ ತುಂಡುಗಳಿಂದ ಬರಬೇಕು. ಹಳದಿಗೆ ಸಾಮಾನ್ಯವಾಗಿ ಹಲಸು. ಹಲಸು ಬೆಳಕಿಗೆ ಕಂದಾಗುವುದು ಅದರ ಸ್ವಭಾವ. ಕೆಂಪು ಮರವೂ ಕಾಲಕ್ರಮೇಣ ಕಂದಿನ ಕಡೆ ಹೋಗುತ್ತದೆ, ಬೀಟೆಯ ಕಪ್ಪು ಬಿಸಿಲಿಗೆ ಮಾಸುತ್ತದೆ. ಕೊಳ್ಳುವಾಗ ಅಂಗಡಿಯವರು ಹೇಳಬೇಕಿತ್ತು ಅನ್ನುವುದು ನಿಜ, ಆದರೆ ಅದಕ್ಕೆ ಹಣ ವಾಪಸ್ ಕೇಳಲಾಗದು. ಮೈಸೂರು ಇನ್‌ಲೇಗೆ ಜಿಐ ಟ್ಯಾಗ್ ಇದೆಯಲ್ಲ ಅಂತ ಕೆಲವರು ವಾದಿಸುತ್ತಾರೆ. ಆ ಟ್ಯಾಗ್ ಈ ಕಲೆ ಎಲ್ಲಿಯದು ಅಂತ ಹೇಳುತ್ತದೆ. ನಿಮ್ಮ ಗೋಡೆಯ ಮೇಲಿನ ಚಿತ್ರ ಹೀಗೇ ಉಳಿಯುತ್ತದೆ ಅಂತ ವಾರಂಟಿ ಕೊಡುವುದಿಲ್ಲ. ತುಂಡುಗಳು ಅಂಚಿನಲ್ಲಿ ಎದ್ದು ಉಗುರಿಗೆ ಸಿಗುತ್ತಿದ್ದರೆ ಮಾತ್ರ ಅಂಗಡಿಗೆ ಒಯ್ಯಿರಿ, ಅದು ಅಂಟಿನ ದೋಷ. ಕೂರಿಸಿದವರೇ ಮತ್ತೆ ಕೂರಿಸಿಕೊಡಬೇಕು. ಸದ್ಯಕ್ಕೆ ಚಿತ್ರವನ್ನು ಕಿಟಕಿ ಎದುರಿನ ಗೋಡೆಯಿಂದ ತೆಗೆದು ಬಿಸಿಲು ಬೀಳದ ಒಳಗೋಡೆಗೆ ಹಾಕಿ. ಹೋದ ಹಳದಿ ವಾಪಸ್ ಬರುವುದಿಲ್ಲ, ಉಳಿದ ಬಣ್ಣಗಳು ಇನ್ನಷ್ಟು ಮಾಸುವುದು ನಿಧಾನವಾಗುತ್ತದೆ.